ಅತ್ತಿಗೆ ಮಾಡಿದ ದೀಪ

ಅತ್ತಿಗೆಯ ಬೋರ್ಡನ್ನು ಸುಟ್ಟವನು ನಾನು. ಅವರ ಬೆಸುಗೆಯಲ್ಲಿ ತಪ್ಪಿರಲಿಲ್ಲ. ಇಷ್ಟು ವರ್ಷ ಅವರು ತಪ್ಪು ತಮ್ಮದೇ ಎಂದುಕೊಂಡಿದ್ದರು — ಹಾಗೆ ಅಂದುಕೊಳ್ಳಲಿ ಎಂದು ನಾನು ಸುಮ್ಮನಿದ್ದೆ.

ಅಮ್ಮನಿಗೆ ಕಿವಿ ಕೇಳುವುದು ತೀರಾ ಕಡಿಮೆ. ಭದ್ರಾವತಿಯಲ್ಲಿ ಅಣ್ಣನ ಮನೆಯಲ್ಲಿರುತ್ತಾರೆ. ಬಂದವರು ಬೆಲ್ ಒತ್ತಿ ಒತ್ತಿ ಹಿಂದಿರುಗುತ್ತಿದ್ದರು. ಅದಕ್ಕೇ ಅತ್ತಿಗೆ ವಿಡಿಯೋ ನೋಡಿ ಕಲಿತು, ಪುಟ್ಟ ಕಂಪ್ಯೂಟರಿನಂತೆ ಕೆಲಸ ಮಾಡುವ ಬೆರಳುದ್ದದ ಮೈಕ್ರೋಕಂಟ್ರೋಲರ್ ಬೋರ್ಡಿಗೆ ದೀಪವೊಂದನ್ನು ಜೋಡಿಸಿದರು. ಹೊರಗೆ ಗುಂಡಿ ಒತ್ತಿದರೆ ಒಳಗೆ ಅಮ್ಮನೆದುರು ದೀಪ ಮಿನುಗುತ್ತಿತ್ತು. ಅಮ್ಮ ಶಿವಮೊಗ್ಗಕ್ಕೆ, ಗೋಪಾಳದ ನಮ್ಮ ಮನೆಗೆ ಬಂದಾಗ ಅತ್ತಿಗೆ ಅದನ್ನೂ ತಂದು ಹಾಕಿಕೊಟ್ಟರು. "ಇದಕ್ಕೆ ಐದು ವೋಲ್ಟಿನ ಅಡಾಪ್ಟರೇ ಆಗ್ಬೇಕು ರಘು, ಬೇರೇದು ಹಾಕ್ಬೇಡ," ಎಂದು ಹೇಳಿಯೇ ಹೋದರು.

ಆ ಅಡಾಪ್ಟರಿನ ವೈರು ಗಿಡ್ಡ. ದೀಪ ಅಮ್ಮನ ಮಂಚದವರೆಗೆ ಬರುತ್ತಿರಲಿಲ್ಲ. ಹಳೆಯ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಸಿಕ್ಕಿತು — ವೈರು ಉದ್ದ, ಪಿನ್ನೂ ಸರಿಯಾಗಿ ಕೂತಿತು. ಅದು ಹನ್ನೆರಡು ವೋಲ್ಟಿನದು. ಅದರ ಮೇಲೆ ಬರೆದಿತ್ತು, ನಾನು ಓದಲಿಲ್ಲ. ಸ್ವಿಚ್ ಹಾಕಿದೆ. ಸುಟ್ಟ ವಾಸನೆ, ಒಂದೆಳೆ ಹೊಗೆ — ಅಷ್ಟೇ. ಅತ್ತಿಗೆ ಕೊಟ್ಟಿದ್ದ ಅಡಾಪ್ಟರನ್ನೇ ಮತ್ತೆ ಸಿಕ್ಕಿಸಿ, "ದೀಪ ಯಾಕೋ ಹತ್ತುತ್ತಿಲ್ಲ" ಎಂದು ಫೋನ್ ಮಾಡಿದೆ.

ಅತ್ತಿಗೆ ಬಂದು ಮೀಟರ್ ಹಿಡಿದು ನೋಡಿದರು. "ಅಡಾಪ್ಟರ್ ಸರಿಯಾಗೇ ಇದೆ. ಬೆಸುಗೇಲಿ ನಾನೇ ಏನೋ ಎಡವಟ್ಟು ಮಾಡಿರ್ಬೇಕು, ಅಲ್ವಾ?"

"ಇರಬಹುದು ಅತ್ತಿಗೆ," ಎಂದೆ.

ಆಮೇಲೆ ಅವರು ಅಂಥದ್ದನ್ನು ಮುಟ್ಟಲಿಲ್ಲ. ಪಕ್ಕದ ಬೀದಿಯವರು ತಮ್ಮ ಅಜ್ಜನಿಗೂ ಒಂದು ಮಾಡಿಕೊಡಿ ಎಂದು ಕೇಳಿದಾಗ, "ಬೇರೆಯವರ ಮನೇಲಿ ಬೆಂಕಿ ಗಿಂಕಿ ಹತ್ತಿದ್ರೆ?" ಎಂದರಂತೆ. ಅಮ್ಮ ಈಗಲೂ ಮುಂಬಾಗಿಲು ತೆರೆದಿಟ್ಟು, ಅದನ್ನೇ ನೋಡುತ್ತ ಕೂತಿರುತ್ತಾರೆ. ಭದ್ರಾವತಿಗೆ ಹೋದಾಗೆಲ್ಲ ಅದನ್ನು ನೋಡುತ್ತೇನೆ, ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತೇನೆ, ಆದರೆ —

ಕಳೆದ ಭಾನುವಾರ ಹೇಳಿದೆ.

"ಸುಟ್ಟಿದ್ದು ಹೋಗ್ಲಿ ಮಾರಾಯ, ಇನ್ನೊಂದು ಮಾಡ್ತಿದ್ದೆ. ನಾನು ಅಷ್ಟು ನಂಬಿ ಕೇಳ್ದಾಗ ಇರಬಹುದು ಅಂದ್ಯಲ್ಲ..." ಎಂದ ಅತ್ತಿಗೆ ಮಾತು ಮುಗಿಸದೆ ಅಡುಗೆಮನೆಗೆ ಹೋದರು.

ಅಮ್ಮ ನನ್ನ ಮುಖ ನೋಡಿ, "ಏನಂತೋ?" ಎಂದರು.

ಅವರ ಕಿವಿಯ ಹತ್ತಿರ ಬಾಗಿ, ಅಡುಗೆಮನೆಗೂ ಕೇಳುವಷ್ಟು ಗಟ್ಟಿಯಾಗಿ, ಇನ್ನೊಮ್ಮೆ ಹೇಳಿದೆ.