ದತ್ತು ಇಳಿದು ಬರಲಿಲ್ಲ

ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಮುನಿರಾಜ್ ಭಾನುವಾರ ಬಂತೆಂದರೆ ರಾಮನಗರದ ಬಂಡೆ ಹತ್ತಲು ಹೋಗುತ್ತಿದ್ದ. ದತ್ತುವಿಗೆ ಆ ಹುಚ್ಚು ಹಿಡಿಸಿದವನು ಅವನೇ. ಇಂದಿರಾನಗರದ ಅಪಾರ್ಟ್‌ಮೆಂಟೊಂದರ ಗೋಡೆಗೆ ಹಗ್ಗದಲ್ಲಿ ಜೋತುಬಿದ್ದು ಬಣ್ಣ ಹೊಡೆಯುತ್ತಿದ್ದವನ ಧೈರ್ಯ ಕಂಡು, ಕೆಳಗಿಳಿಯುವವರೆಗೆ ಕಾದು ಮಾತಾಡಿಸಿದ್ದ. ದತ್ತು ಯಾದಗಿರಿ ಕಡೆಯವನು, ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ತಾಯಿ ಯಂಕಮ್ಮನ ಜೊತೆ ಇದ್ದ.

೧೯೯೮ರ ಮೇ ತಿಂಗಳಲ್ಲಿ ಇಬ್ಬರೂ ಒಂದು ತಂಡದ ಜೊತೆ ಹಿಮಾಲಯದ ಶಿಖರವೊಂದಕ್ಕೆ ಹೋದರು. ಉಳಿದವರು ಗುಡಾರದಲ್ಲೇ ನಿಂತರು, ಇವರಿಬ್ಬರೇ ಮುಂದೆ ಹತ್ತಿದರು. ತುದಿ ಕಣ್ಣಿಗೆ ಕಾಣುತ್ತಿದ್ದಾಗ ಗಾಳಿ ಎದ್ದಿತು. ಇಳಿಯೋಣವೆಂದ ಮುನಿರಾಜ್. ಇನ್ನು ಸ್ವಲ್ಪವೇ ಎಂದು ದತ್ತು ಹಟ ಹಿಡಿದ. ಮುಂದೆ ಹೋಗಿ, ಉಸಿರು ಸಾಲದೆ ಹಿಮದ ಮೇಲೆ ಕುಸಿದ. ಎಬ್ಬಿಸಿದರೆ ಕಾಲು ನಿಲ್ಲಲಿಲ್ಲ. ಎಳೆದೂ ಎಳೆದೂ ಮುನಿರಾಜನ ಕಸುವೂ ಮುಗಿಯಿತು.

“ನೀ ಇಳಿಯಣ್ಣ. ನಾ ಇಲ್ಲೇ ಕುಂದರ್ತೀನಿ, ಮಂದಿ ಕರ್ಕೊಂಡು ಬಾ,” ಎಂದ ದತ್ತು.

ತನ್ನ ಕೈಗವುಸನ್ನು ಅವನಿಗೆ ತೊಡಿಸಿ ಮುನಿರಾಜ್ ಇಳಿದ. ಗುಡಾರ ಸೇರುವಷ್ಟರಲ್ಲಿ ಹಿಮಗಾಳಿ ಬೆಟ್ಟವನ್ನೇ ಮುಚ್ಚಿಬಿಟ್ಟಿತ್ತು. ಅದು ನಿಂತ ಮೇಲೆ ಹುಡುಕಲು ಹೋದವರಿಗೆ ಬರೀ ಬಿಳಿ ಇಳಿಜಾರು ಸಿಕ್ಕಿತು.

ಮುನಿರಾಜನ ಬಲಗೈಯ ಬೆರಳುಗಳು ಕರ್ರಗಾಗಿದ್ದವು. ಆಸ್ಪತ್ರೆಯಲ್ಲಿ ಮೂರನ್ನು ತೆಗೆದರು. ಬ್ಯಾಂಡೇಜು ಬಿಚ್ಚುವ ಮೊದಲೇ ಅವನು ಯಂಕಮ್ಮನ ಕೋಣೆಗೆ ಹೋದ. ಸುದ್ದಿ ಆಗಲೇ ಮುಟ್ಟಿತ್ತು. ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಮೀನಿನ ಮೇಲೆ ಸುರಿಯುವ ಐಸು ಬಿಟ್ಟರೆ ಆಕೆ ಬೇರೆ ಮಂಜು ನೋಡಿದವಳಲ್ಲ.

“ಬ್ಯಾಸಗ್ಯಾಗ ಆ ಬರ್ಫ ಕರಗಂಗಿಲ್ಲೇನಪಾ?” ಎಂದು ಕೇಳಿದಳು.

“ಅಷ್ಟು ಎತ್ತರದಲ್ಲಿ ಕರಗಲ್ಲಮ್ಮ.”

ಆಕೆ ನಂಬಲಿಲ್ಲ. ನೆರೆಯವರು ಎಷ್ಟು ಹೇಳಿದರೂ ಹೆಣ ಕಾಣದೆ ಮಗನ ಕರ್ಮ ಮಾಡಿಸಲು ಒಪ್ಪಲಿಲ್ಲ. ಮರುವರ್ಷ ಬಿಸಿಲು ಏರುತ್ತಿದ್ದಂತೆ ಕಾರ್ಖಾನೆಯ ಗೇಟಿಗೇ ಬಂದು ನಿಂತಳು. ಈಗಾದರೂ ಹೋಗಿ ನೋಡಿ ಬಾ ಎಂದಳು. ಅವನು ರಜೆ ಬರೆದುಕೊಟ್ಟ.

ಒಬ್ಬನೇ ರೈಲು, ಬಸ್ಸು ಹಿಡಿದು ಬೆಟ್ಟದ ಬುಡದ ಹಳ್ಳಿಗೆ ಹೋದ. ಅವನ ಕೈ ನೋಡಿ ಯಾರೂ ಜೊತೆಗೆ ಬರಲು ಒಪ್ಪಲಿಲ್ಲ. ಆ ಕೈಯಲ್ಲಿ ಹಗ್ಗವೂ ನಿಲ್ಲುತ್ತಿರಲಿಲ್ಲ. ಇದ್ದಷ್ಟು ದಿನವೂ ಶಿಖರ ಮೋಡದೊಳಗೇ ಇತ್ತು.

“ಹತ್ತಕ್ಕಾಗಲಿಲ್ಲಮ್ಮ,” ಎಂದ, ವಾಪಸು ಬಂದು.

ಯಂಕಮ್ಮ ಕಟ್ಟಡದ ಕೆಲಸಕ್ಕೆ ಹೊತ್ತಾಯಿತೆಂದು ಸಿಮೆಂಟಿನ ಬುಟ್ಟಿ ಎತ್ತಿಕೊಂಡು ಹೊರಟಳು. ಮತ್ತೆ ಗೇಟಿನ ಕಡೆ ಬರಲಿಲ್ಲ.

ಆ ಕೈಗೆ ಫಿಟ್ಟರ್ ಕೆಲಸ ಆಗದೆಂದು ಕಾರ್ಖಾನೆಯವರು ಮುನಿರಾಜನನ್ನು ಸ್ಟೋರಿಗೆ ಹಾಕಿದರು. ಕೆಲವು ವರ್ಷ ಕಳೆದು ಕೆ.ಆರ್. ಪುರಕ್ಕೆ ಹೋದಾಗ ಆ ಕೋಣೆಯಲ್ಲಿ ಬೇರೆ ಸಂಸಾರವಿತ್ತು. ಮುದುಕಿ ಎಲ್ಲಿಗೆ ಹೋದಳೋ ಯಾರಿಗೂ ಗೊತ್ತಿರಲಿಲ್ಲ. ಗಲ್ಲಿಯ ಅಂಗಡಿಗಳಲ್ಲೆಲ್ಲ ವಿಚಾರಿಸಿ ಅವನು ಮನೆ ಕಡೆಯ ಬಸ್ಸು ಹತ್ತಿದ.