ಬೋನಿಗಿಟ್ಟ ಹುರುಳಿ ಚಿಗುರು

ಕೂಟಗಲ್ ಕಡೆಯ ಹಳ್ಳಿಗಳಲ್ಲಿ ಬರೀ ಮಂಚಯ್ಯ ಎಂದರೆ ಯಾವ ಮಂಚಯ್ಯ ಎಂದು ಕೇಳುತ್ತಿದ್ದರು. ಮೊಲದ ಮಂಚಯ್ಯ ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ಕುರಿ ಕಾಯುವ ಮನೆತನದವನು, ಮಾತು ಬಲು ಕಡಿಮೆ. ಬೆಳಗ್ಗೆ ಒಂದು ಮಾತು ಕೇಳಿದರೆ ಮಧ್ಯಾಹ್ನ ಉತ್ತರ ಕೊಡುತ್ತಾನೆ ಎಂದು ಹೆಂಡತಿ ಸರಸಮ್ಮ ರೇಗಿಸುತ್ತಿದ್ದಳು.

ಮೊಲವನ್ನು ಅವನು ಜೀವಂತವಾಗಿ ಹಿಡಿದು ಸಾವನದುರ್ಗದ ತಪ್ಪಲಿಗೆ ಬಿಡುತ್ತಿದ್ದ. ಸಾರಿನ ಆಸೆಗೆ ಬಾಗಿಲಿಗೆ ಬಂದವರು ಬರಿಗೈಯಲ್ಲಿ ಹೋಗಬೇಕಾಗಿತ್ತು. ಇದು ಸರಸಮ್ಮನ ಕಟ್ಟಳೆ. ಎರಡು ಕೂಸು ಹೆತ್ತು ಎರಡನ್ನೂ ಮೂರು ತಿಂಗಳು ತುಂಬುವ ಮೊದಲೇ ಮಣ್ಣಿಗಿಟ್ಟವಳು ಅವಳು. ಹಾಲೂಡುವ ತಾಯಿಯನ್ನಂತೂ ಮರಿಯಿಂದ ಅಗಲಿಸಕೂಡದೆಂದು ಗಂಡನಿಂದ ಭಾಷೆ ತೆಗೆದುಕೊಂಡಿದ್ದಳು. ಅದಕ್ಕೇ ಮಂಚಯ್ಯ ಬೋನಿಗೆ ಬಿದ್ದ ಪ್ರತಿ ಮೊಲವನ್ನೂ ಅಂಗಾತ ಹಿಡಿದು ಹೊಟ್ಟೆ ಸವರಿ ನೋಡುತ್ತಿದ್ದ. ಹಾಲಿದ್ದರೆ ಅಲ್ಲೇ ಬಿಟ್ಟುಬಿಡುತ್ತಿದ್ದ, ತೋಟದವರು ಎಷ್ಟೇ ಬಾಯಿ ಬಡಿದುಕೊಳ್ಳಲಿ.

ರೇಷ್ಮೆಗೆ ಬೆಲೆ ಬಂದ ಆ ವರ್ಷಗಳಲ್ಲಿ ಅವನಿಗೆ ಬಿಡುವೇ ಇರಲಿಲ್ಲ. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳೆಲ್ಲ, ಮಂಚಯ್ಯನದೂ ಸೇರಿ, ಹಿಪ್ಪುನೇರಳೆ ತೋಟಗಳಾದವು. ಮನೆಗಳಲ್ಲಿ ದೇವರ ಮೂಲೆಯೊಂದು ಬಿಟ್ಟು ಉಳಿದ ಕಡೆಯೆಲ್ಲ ಹುಳದ ತಟ್ಟೆ. ಮನುಷ್ಯರು ಜಗುಲಿಯ ಮೇಲೆ ಮಲಗುತ್ತಿದ್ದರು. ನೆಟ್ಟ ಕಡ್ಡಿ ಚಿಗುರುವುದೇ ತಡ, ಮೊಲಗಳು ಕಚ್ಚಿ ತುಂಡರಿಸುತ್ತಿದ್ದವು. ವಿಷ ಇಡುವಂತಿಲ್ಲ, ಸೊಪ್ಪಿಗೆ ಅದರ ಸೋಂಕು ತಗುಲಿದರೆ ಹುಳವೇ ಸಾಯುತ್ತದೆ. ಹಾಗಾಗಿ ಎಲ್ಲರೂ ಮಂಚಯ್ಯನ ಹಲಗೆ ಬೋನಿಗೇ ಕಾಯುತ್ತಿದ್ದರು.

ಆದರೆ ಆ ಸಲ ಪಕ್ಕದ ಕಾಡಸಿದ್ದಪ್ಪನ ತೋಟಕ್ಕೆ ನುಗ್ಗುತ್ತಿದ್ದ ಮೊಲವೊಂದು ಅವನ ಮಾನ ಕಳೆಯಿತು. ಗೆಣಸಿನ ಬಳ್ಳಿ ಇಟ್ಟ, ಕಡಲೆಕಾಯಿ ಗಿಡ ಇಟ್ಟ, ತೆಂಗಿನ ಚೂರಿಗೆ ಬೆಲ್ಲ ಸವರಿ ಇಟ್ಟ. ಬೋನಿಗೆ ವಾಸನೆ ಹತ್ತದಿರಲೆಂದು ಬೀಡಿ ಬಿಟ್ಟ, ಕೈಗೆ ಸೋಪು ಮುಟ್ಟಿಸಲಿಲ್ಲ. ಬೋನಿನ ಸುತ್ತ ಹೆಜ್ಜೆ ಮೂಡುತ್ತಿತ್ತೇ ಹೊರತು ಮೊಲ ಒಳಕ್ಕೆ ಮೂತಿ ಇಕ್ಕಲಿಲ್ಲ.

“ಇನ್ನು ಹತ್ತು ದಿನ ನೋಡ್ತೀನಿ ಕಣ್ಲಾ ಮಂಚಯ್ಯ. ಆಮೇಲೆ ಬೇಟೆ ನಾಯಿ ಬುಡಿಸ್ತೀನಿ,” ಎಂದ ಕಾಡಸಿದ್ದಪ್ಪ. ಮಾಂಸದ ವಾಸನೆಗೇ ಮೂಗು ಮುಚ್ಚುವ ಮನುಷ್ಯ, ನಾಯಿಗಳು ತಿಂದರೆ ಅವನಿಗೆ ಅಡ್ಡಿಯಿರಲಿಲ್ಲ.

ಮಂಚಯ್ಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಯೋಚಿಸಿದ. ಸುತ್ತಲೂ ಸಿಹಿ ಚಿಗುರೇ ತುಂಬಿರುವಾಗ ಪೆಟ್ಟಿಗೆಯೊಳಗಿನ ಸಿಹಿಗೆ ಯಾವ ಮೊಲ ಬಂದೀತು? ಅದಕ್ಕೀಗ ಸಿಗದೇ ಇರುವುದನ್ನು ಇಡಬೇಕು. ಊರಲ್ಲಿ ಯಾರೂ ಹುರುಳಿ ಬಿತ್ತದೆ ಎರಡು ವರ್ಷವಾಗಿತ್ತು. ಸರಸಮ್ಮ ಗಡಿಗೆಯ ತಳದಲ್ಲಿದ್ದ ಎರಡು ಹಿಡಿ ಹುರುಳಿಯನ್ನು ಮುರುಕು ಮಂಕರಿಯಲ್ಲಿ ತುಂಬಿದ ಗೊಬ್ಬರಕ್ಕೆ ಚೆಲ್ಲಿ ನೀರು ಚಿಮುಕಿಸಿದಳು. ಎಂಟು ದಿನಕ್ಕೆ ಚಿಗುರು ಎಳೆಎಳೆಯಾಗಿ ಎದ್ದಿತು. ಒಂಬತ್ತನೆಯ ದಿನ ಇಟ್ಟ ಬೋನಿಗೆ ಹತ್ತನೆಯ ಬೆಳಗ್ಗೆ ಮೊಲ ಬಿದ್ದಿತ್ತು.

ಅದನ್ನು ಬುಟ್ಟಿಗೆ ಹಾಕಿ ಮನೆಗೆ ತರುವಷ್ಟರಲ್ಲಿ ಸರಸಮ್ಮ ಒಳಗಿನಿಂದ ಕೂಗಿದಳು. “ಬೇಗ ಬಾರಯ್ಯ, ಹುಳ ಹಣ್ಣಾಗೋದೊ!”

ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾದರೆ ಗಳಿಗೆ ತಡೆಯುವಂತಿಲ್ಲ. ಆರಿಸಿ ಆರಿಸಿ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು, ಇಲ್ಲವಾದರೆ ತಟ್ಟೆಯಲ್ಲೇ ನೂಲು ಉಗುಳಿ ಹಾಳಾಗುತ್ತವೆ. ಅದೇ ಹೊತ್ತಿಗೆ ಗೂಡು ಸಾಗಿಸುವ ಜಬ್ಬಾರನ ಟೆಂಪೊ ಮಾಗಡಿ ಕಡೆಗೆ ಹೊರಟಿತ್ತು. ಮಂಚಯ್ಯ ಬುಟ್ಟಿಯನ್ನು ಅವನ ಕೈಗೆ ಕೊಟ್ಟು, “ದುರ್ಗದ ತಾವ ಬುಟ್ಬುಡಪ್ಪ,” ಎಂದವನೇ ಒಳಗೆ ಓಡಿದ. ಹೊಟ್ಟೆ ಸವರಿ ನೋಡಲಿಲ್ಲ. ಅಷ್ಟು ವರ್ಷದಲ್ಲಿ ಅದೊಂದೇ ಸಲ.

ಮಾರನೆಯ ಬೆಳಗ್ಗೆ, ಇನ್ನೂ ಹಣ್ಣಾಗದ ಹುಳಗಳಿಗೆ ಸೊಪ್ಪು ತರಲು ತಮ್ಮ ತೋಟಕ್ಕೆ ಹೋದ ಸರಸಮ್ಮ ಓಡುತ್ತಾ ಬಂದಳು. ಸಾಲಿನ ನಡುವೆ ಎರಡು ಮೊಲದ ಮರಿಗಳಿವೆ ಎಂದಳು.

“ನೆನ್ನೆ ಮೊಲದ ಹೊಟ್ಟೆ ನೋಡ್ದಾ? ಹಾಲಿತ್ತಾ?”

ಮಂಚಯ್ಯ ಅವಳ ಮುಖ ನೋಡಿದ. ನಿಜ ಹೇಳುವ ಧೈರ್ಯ ಬರಲಿಲ್ಲ. “ನೋಡ್ದೆ ಕಣಮ್ಮಿ. ಇರ್ನಿಲ್ಲ,” ಎಂದುಬಿಟ್ಟ.

ಸರಸಮ್ಮನಿಗೆ ಜೀವ ಬಂದಂತಾಯಿತು. ಹಾಗಾದರೆ ತಾಯಿ ಬೇರೆ ಇದೆ, ಹೊತ್ತು ಮುಳುಗಿದ ಮೇಲೆ ಹಾಲು ಕೊಡಲು ಬಂದೇ ಬರುತ್ತದೆ. ಆ ಸಂಜೆ ದೂರದ ಬದುವಿನ ಮೇಲೆ ಕೂತು ಕಾದಳು. ತಾಯಿ ಬರಲಿಲ್ಲ. ಮರುದಿನ ಮಂಚಯ್ಯ ಮೆಲ್ಲಗೆ, “ಒಸಿ ಆಡಿನ ಹಾಲು ಕುಡಿಸಾನಾ?” ಎಂದು ಕೇಳಿದ.

“ಮನುಷರ ವಾಸ್ನೆ ಹತ್ತಿದ್ರೆ ತಾಯಿ ಹತ್ರಕ್ಕೇ ಸೇರ್ಸಾಕಿಲ್ಲ. ಮುಟ್ಬ್ಯಾಡ. ಅದು ಬತ್ತದೆ.”

ಆಗಲಾದರೂ ಹೇಳಬಹುದಿತ್ತು. ಎರಡನೆಯ ಸಂಜೆಯೂ ಅವಳು ಬದುವಿನ ಮೇಲೆ ಕೂತಳು, ಅವನೂ ಪಕ್ಕದಲ್ಲಿ ಕೂತ. ಬರಲಾರದ ತಾಯಿಗೆ ಹೆಂಡತಿ ಕಾಯುತ್ತಿರುವುದನ್ನು ನೋಡುತ್ತಾ ಕೂತ ಆ ಗಂಡಸನ್ನು ಏನೆನ್ನಬೇಕೋ ನನಗೆ ತಿಳಿಯದು. ಸಿಟ್ಟೂ ಬರುತ್ತದೆ, ಅಯ್ಯೋ ಎಂದೂ ಅನ್ನಿಸುತ್ತದೆ.

ಬೆಳಗ್ಗೆ ಎರಡೂ ಮರಿಗಳಿಗೆ ಇರುವೆ ಮುತ್ತಿತ್ತು. ಸರಸಮ್ಮ ಇರುವೆಗಳನ್ನು ಒಂದೊಂದಾಗಿ ಕೊಡವಿ ಮರಿಗಳನ್ನು ಮಡಿಲಿಗೆ ಹಾಕಿಕೊಂಡಳು.

“ಎಂಥ ತಾಯಿ ಅದು! ಹೆತ್ತು ಬುಟ್ಟೋಯ್ತಲ್ಲ, ಅದರ ಹೊಟ್ಟೆ ಸೇದೋಗ!”

ಮಂಚಯ್ಯನಿಗೆ ಇನ್ನು ತಡೆಯಲಾಗಲಿಲ್ಲ. “ಅದ್ನ ಬೈಬ್ಯಾಡ ಕಣಮ್ಮಿ. ಜಬ್ಬಾರ್ ತಕೊಂಡೋದದ್ದೇ ಇವುಗಳ ತಾಯಿ. ನಾನು ಹೊಟ್ಟೆ ನೋಡ್ನಿಲ್ಲ. ನೋಡ್ದೆ ಅಂತ ಸುಳ್ಳೇಳ್ದೆ.”

ಅವಳು ಮಡಿಲಿನ ಮರಿಗಳ ಮೇಲೆ ಸೆರಗು ಎಳೆದಳು.

“ಆಡಿನ ಹಾಲು ಮನೇಲೇ ಇತ್ತಲ್ಲಯ್ಯ,” ಎಂದಳು. ಆಮೇಲೆ, ಅವನ ಕಡೆ ನೋಡದೆಯೇ, “ನಮ್ಮ ಕೂಸಿಗೆ ಜ್ವರ ಏರ್ದಾಗ ಬೆಳಗಾಗ್ಲಿ ತಡಿ ಅಂದೋನು ನೀನು. ಕೂಸು ಹೋದ್ಮೇಲೆ ನಿಮ್ಮವ್ವ ಊರ ಮುಂದೆ ನಂಗೆ ‘ಎಂಥ ತಾಯಿ ನೀನು’ ಅಂದ್ಲು. ನೀನು ಅಲ್ಲೇ ನಿಂತಿದ್ದೆ. ಅವತ್ತೂ ಬಾಯ್ ಬುಡ್ನಿಲ್ಲ.”

ಗುಂಡಿ ತೋಡಲು ಕೈ ಚಾಚಿದ ಗಂಡನಿಗೆ ಅವಳು ಗುದ್ದಲಿ ಕೊಡಲಿಲ್ಲ. ತಾನೇ ಅಗೆದಳು, ತಾನೇ ಮುಚ್ಚಿದಳು.

ಆ ಸಲ ಬೆಳೆ ಚೆನ್ನಾಗಿ ಬಂತು. ಇಬ್ಬರೂ ಎದುರುಬದುರು ಕೂತು ಚಂದ್ರಿಕೆಯಿಂದ ಗೂಡು ಬಿಡಿಸಿದರು. ಸರಸಮ್ಮ ಮುಂದೆಯೂ ಅವನಿಗೆ ಹೊತ್ತಿಗೆ ಸರಿಯಾಗಿ ಮುದ್ದೆ ಬಡಿಸಿದಳು, ಜಗಳವಾಡಲಿಲ್ಲ, ಆ ಮಾತನ್ನು ಮತ್ತೆ ಎತ್ತಲೂ ಇಲ್ಲ. ಆದರೆ ಮಂಚಯ್ಯ ಒಳಗೆ ಬಂದು “ಮಳೆ ಬತ್ತಾ ಐತೆ” ಎಂದರೂ ಅವಳು ಕೈಲಿದ್ದ ಕೆಲಸ ಬಿಟ್ಟೆದ್ದು, ಬಾಗಿಲ ತನಕ ಹೋಗಿ ತಾನೇ ನೋಡಿ ಬರುತ್ತಿದ್ದಳು.