ಕಾಗೆ ಬಂತು ಅಂತ ಹೇಳಿದ ದಿನ

ನಾವು ಟೆಕ್ಸಾಸಿನ ಸೈಪ್ರೆಸ್ ಊರಿನಲ್ಲಿದ್ದ ಆ ವರ್ಷಗಳಲ್ಲಿ ಬೀದಿಯ ಮನೆಗಳಿಗೆಲ್ಲ ಒಂದೇ ಬಣ್ಣದ ಇಟ್ಟಿಗೆ, ಒಂದೇ ಎತ್ತರದ ಬೇಲಿ. ವಾಸನೆ ಮಾತ್ರ ಬೇರೆ ಬೇರೆ. ನಮ್ಮ ಮನೆಯಿಂದ ಇಂಗಿನ ಒಗ್ಗರಣೆ, ಪಕ್ಕದ ಅಡಾಳ ಮನೆಯಿಂದ ತಾಳೆಎಣ್ಣೆ ಮತ್ತು ಒಣಮೀನು. ಅಡಾ ನನ್ನ ಕ್ಲಾಸಿನವಳು, ನೈಜೀರಿಯಾದ ಇಗ್ಬೊ ಜನ. ಎನುಗು ಊರಿನಿಂದ ಬಂದು ಅವರ ಜೊತೆಗಿದ್ದ ಅವಳ ಅಜ್ಜಿಯನ್ನು ನಾನೂ ಅಜ್ಜಿ ಅಂತಲೇ ಕರೆಯುತ್ತಿದ್ದೆ. ಅವರಿಗೆ ಆ ಕನ್ನಡ ಪದ ಬಹಳ ಹಿಡಿಸಿತ್ತು.

ಐದನೇ ಕ್ಲಾಸಿನಲ್ಲಿ ನಮ್ಮಿಬ್ಬರಿಗೂ ಸೇರಿ ಒಂದು ಪೋಸ್ಟರ್ ಮಾಡುವ ಕೆಲಸ ಬಿತ್ತು. ವಿಷಯ, ಆಗ್ನೇಯ ನೈಜೀರಿಯಾದ ಐದು ರಾಜ್ಯಗಳ ಇತಿಹಾಸ ಮತ್ತು ಸಂಸ್ಕೃತಿ. ಒಂದು ಶನಿವಾರ ನಮ್ಮ ಡೈನಿಂಗ್ ಟೇಬಲ್ ಮೇಲೆ ಪೋಸ್ಟರ್ ಹರಡಿಕೊಂಡೆವು. ಅಜ್ಜಿ ಪಕ್ಕದಲ್ಲಿ ಕೂತು ತಮ್ಮ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಹೊಸ ಗೆಣಸಿನ ಹಬ್ಬದಲ್ಲಿ ಊರಿನ ಹಿರಿಯ ಮೊದಲ ತುಂಡು ತಿನ್ನುವವರೆಗೂ ಬೇರೆಯವರು ಬಾಯಿಗಿಡುವಂತಿಲ್ಲ. ಎನುಗುವಿನ ನೆಲದಡಿ ಕಲ್ಲಿದ್ದಲು, ಅಲ್ಲೇ ಅವರಪ್ಪನ ದುಡಿಮೆ. ನಾವು ಐದು ರಾಜ್ಯಕ್ಕೆ ಐದು ಬಣ್ಣ ತುಂಬಿದೆವು.

"ನಾನು ನಿಮ್ಮಷ್ಟಿದ್ದಾಗ ಇವು ಐದಾಗಿರಲಿಲ್ಲ," ಅಂದರು ಅಜ್ಜಿ. "ಇವೂ ಸುತ್ತಲಿನ ಜಾಗವೂ ಸೇರಿ ಒಂದು ದೇಶ ಅಂದ್ಕೊಂಡಿದ್ವಿ. ಬಯಾಫ್ರಾ. ಮೂರು ವರ್ಷವೂ ಬಾಳಲಿಲ್ಲ, ಯುದ್ಧ. ಅದನ್ನ ಬರೀಬೇಡಿ. ಹಬ್ಬ ಬರೀರಿ."

ಅಂದೇ ನಮ್ಮ ತಾತನ ತಿಥಿ. ಅಮ್ಮ ಬೆಳಿಗ್ಗೆಯಿಂದ ವಡೆ, ಪಾಯಸ, ಎಳ್ಳುಂಡೆ ಮಾಡಿದ್ದಳು. ಇಂಡಿಯನ್ ಸ್ಟೋರಿನ ಫ್ರೀಜರ್‌ನಿಂದ ತಂದ ಬಾಳೆಎಲೆಯ ಮೇಲೆ ಅಪ್ಪ ಎಲ್ಲವನ್ನೂ ಬಡಿಸಿ ಹಿತ್ತಲಿನಲ್ಲಿಟ್ಟರು. ಕಾಗೆ ಮುಟ್ಟಿದ ಮೇಲೆಯೇ ನಮ್ಮ ಊಟ. ಟೆಕ್ಸಾಸಿನ ಕಾಗೆಗೆ ಈ ಸಂಗತಿ ಗೊತ್ತಿರಬೇಕಲ್ಲ! ಅಪ್ಪ ಬೇಲಿಯ ಹತ್ತಿರ ನಿಂತು "ಕಾ ಕಾ" ಅಂತ ಕರೆದು ಸಾಕಾಗಿ ಒಳಗೆ ಬಂದರು.

"ಅಮ್ಮಾ, ಐ ಆಮ್ ಸ್ಟಾರ್ವಿಂಗ್," ಅಂದೆ.

"ಇನ್ನೊಂಚೂರು ತಡ್ಕೋ ಪುಟ್ಟಿ. ತಾತಂಗೆ ಹಸಿವಾಗಲ್ವಾ?"

ಮಧ್ಯಾಹ್ನ ಎರಡು ಗಂಟೆಯಾಯಿತು. ಅಡಾ ಬಣ್ಣ ತುಂಬುತ್ತಲೇ ಇದ್ದಳು. ನಾನು ಮೆಲ್ಲಗೆ ಹಿತ್ತಲಿಗೆ ಹೋಗಿ, ಎಲೆಯನ್ನು ಎತ್ತಿ, ಕತ್ತರಿಸಿದ ಹುಲ್ಲು ತುಂಬಿದ್ದ ಕಸದ ಡಬ್ಬಕ್ಕೆ ಎಲ್ಲವನ್ನೂ ಸುರಿದುಬಿಟ್ಟೆ. ಆಮೇಲೆ ಬಾಗಿಲಲ್ಲಿ ನಿಂತು, "ಅಪ್ಪಾ, ಕಾಗೆ ಬಂತು!" ಅಂತ ಕೂಗಿದೆ.

ತಿರುಗಿದರೆ, ಯಾವಾಗ ನನ್ನ ಹಿಂದೆ ಬಂದಿದ್ದರೋ, ಅಜ್ಜಿ ಹಿತ್ತಲಿನಲ್ಲೇ ಇದ್ದರು. ಡಬ್ಬದ ಹತ್ತಿರ ಹೋಗಿ, ಬಗ್ಗಿ, ಕೈ ಹಾಕಿ ಒಂದು ವಡೆ ತೆಗೆದರು. ಅಂಟಿದ್ದ ಹುಲ್ಲನ್ನು ಒಂದೊಂದಾಗಿ ಕಿತ್ತರು. ನಂತರ ಅದನ್ನು ತಿಂದರು. ಎರಡನೆಯದನ್ನೂ ತೆಗೆದರು. ದೊಡ್ಡವರೊಬ್ಬರು ಕಸದಿಂದ ಎತ್ತಿ ತಿನ್ನುವುದನ್ನು ನಾನು ಅದುವರೆಗೆ ನೋಡಿರಲಿಲ್ಲ, ಅದೂ ನನ್ನಿಂದಾಗಿ.

ಅಪ್ಪ ಹೊರಗೆ ಬಂದು ಅಲ್ಲೇ ನಿಂತುಬಿಟ್ಟರು. ನಾನು ಅಳುತ್ತಾ ಎಲ್ಲವನ್ನೂ ಒಪ್ಪಿಕೊಂಡೆ.

"ಮಗುವನ್ನ ಬೈಬೇಡ," ಅಂದರು ಅಜ್ಜಿ. "ನನಗೊಬ್ಬ ತಮ್ಮ ಇದ್ದ. ನಾಲ್ಕು ವರ್ಷ. ಯುದ್ಧದಲ್ಲಿ ನಮ್ಮ ಕಡೆಗೆ ಆಹಾರ ಬರೋ ದಾರಿ ಮುಚ್ಚಿದ್ರು. ಅವನ ಕೂದಲು ಕೆಂಪಾಯ್ತು, ಹೊಟ್ಟೆ ಊದ್ತು. ಕೊನೆಗೆ ಊಟ ಕೇಳೋದನ್ನೂ ಬಿಟ್ಟ. ನಂಗೆ ಆಗ ಹತ್ತು."

ನನಗೂ ಆಗ ಹತ್ತು ವರ್ಷ.

ಅವರು ಬೆರಳಿನ ಎಣ್ಣೆಯನ್ನು ನೋಡಿಕೊಳ್ಳುತ್ತಾ ಮುಂದುವರಿಸಿದರು. "ನಮ್ಮಲ್ಲೂ ಅಪ್ಪ ಕೋಲಾ ಕಾಯಿ ಒಡೆದ್ರೆ ಮೊದಲ ಚೂರು ನೆಲಕ್ಕೆ ಹಾಕ್ತಿದ್ರು, ತೀರಿಕೊಂಡ ಹಿರಿಯರಿಗೆ. ಅವನು ಹಿರಿಯ ಅಲ್ವಲ್ಲ. ಅವನಿಗೆ ಯಾರೂ ಹಾಕ್ಲಿಲ್ಲ."

ಅಪ್ಪ ಒಳಗೆ ಕೂಗಿದರು. "ಲೇ, ಇನ್ನೆರಡು ಎಲೆ ತಗೊಂಡು ಬಾ."

ಒಂದರಲ್ಲಿ ತಾತನಿಗೆ ಮತ್ತೆ ಬಡಿಸಿದರು. ಇನ್ನೊಂದನ್ನು ಪಕ್ಕದಲ್ಲಿಟ್ಟು ಅಜ್ಜಿಯ ಕಡೆ ನೋಡಿ, "ಹೆಸರು ಹೇಳಿ ಇಡಬೇಕು," ಅಂದರು. ಅಜ್ಜಿ ಹೆಸರು ಹೇಳಿದರು. ಅಪ್ಪ ಅದನ್ನು ತಪ್ಪು ತಪ್ಪಾಗಿ ಎರಡು ಸಲ ಅಂದು ನೀರು ಬಿಟ್ಟರು. ನಾಲ್ಕು ಗಂಟೆಯ ಹೊತ್ತಿಗೆ ಎರಡು ಕರಿ ಗ್ರ್ಯಾಕಲ್ ಹಕ್ಕಿಗಳು ಬಂದು ಎರಡೂ ಎಲೆಗೆ ಬಾಯಿ ಹಾಕಿದವು. ಕಾಗೆ ಅಲ್ಲ ಅಂತ ಯಾರೂ ತಕರಾರು ತೆಗೆಯಲಿಲ್ಲ.

ಪೋಸ್ಟರ್‌ಗೆ ಒಳ್ಳೆಯ ಗ್ರೇಡ್ ಬಂತು. ಯುದ್ಧದ ಬಗ್ಗೆ ಒಂದು ಸಾಲೂ ಇರಲಿಲ್ಲ. ಮುಂದಿನ ವರ್ಷ ನಾವು ಆಸ್ಟಿನ್‌ಗೆ ಶಿಫ್ಟ್ ಆದೆವು. ಕೆಲವು ವರ್ಷಗಳ ನಂತರ ಅಜ್ಜಿ ತೀರಿಹೋದರು. ಅಪ್ಪ ಈಗ ತಿಥಿಯನ್ನು ದೇವಸ್ಥಾನದಲ್ಲಿ ಮಾಡಿಸಿ, ಅಲ್ಲಿಂದಲೇ ಆಫೀಸಿಗೆ ಹೋಗುತ್ತಾರೆ. ಹಿತ್ತಲಿನಲ್ಲಿ ನಿಂತು ಕಾಯುವವರು ಯಾರೂ ಇಲ್ಲ.

ಮೊನ್ನೆ ಅಡಾಗೆ ಫೋನ್ ಮಾಡಿ ಆ ಹುಡುಗನ ಹೆಸರು ಕೇಳಿದೆ.

"ಅಜ್ಜಿಗೆ ತಮ್ಮ ಇದ್ದನಾ?" ಅಂದಳು.

ಅಪ್ಪನನ್ನು ಕೇಳಿದೆ. "ಏನೋ ಇತ್ತು ಕಣೇ. ಆಗ್ಲೇ ನನ್ ಬಾಯಿಗೆ ಬರ್ಲಿಲ್ಲ."

ಅಂದು ಹೆಸರು ಹೇಳಿದಾಗ ನಾನು ಅಲ್ಲೇ ಇದ್ದೆ, ಕಿವಿಗೆ ಬಿದ್ದಿತ್ತು. ನನ್ನ ಕಣ್ಣು ಮಾತ್ರ ಹೊಸದಾಗಿ ಬಡಿಸಿದ ವಡೆಯ ಮೇಲಿತ್ತು. ಅವ್ಕಾ, ಎನುಗು, ಒವೆರಿ, ಉಮುವಾಹಿಯಾ, ಅಬಕಾಲಿಕಿ. ಐದು ರಾಜ್ಯಗಳ ರಾಜಧಾನಿಗಳು ನನಗೆ ಈಗಲೂ ಬಾಯಿಪಾಠ ಇವೆ. ಆ ಹುಡುಗನ ಹೆಸರು ಮಾತ್ರ ಎಷ್ಟು ನೆನೆಸಿಕೊಂಡರೂ ಬರುತ್ತಿಲ್ಲ.